ತೋಟಕ್ಕೆ ಬೆಲೆ ಕಟ್ಟುವ ಕಾಗದ

ಒಂದೂವರೆ ತಿಂಗಳಿಂದ ಈ ಪೇಜಿನಲ್ಲಿ ಏನೂ ಬರೆದಿರಲಿಲ್ಲ. ಕೊಳೆ ಮದ್ದಿನ ಟಿಪ್ಪಣಿ ಯಾಕೆ ಹಾಕಿಲ್ಲ ಅಂತ ನಾಲ್ಕೈದು ಜನ ಫೋನ್ ಮಾಡಿ ಕೇಳಿದ್ರಿ. ತಮ್ಮನ ಮನೆ ವಿಷಯದಲ್ಲಿ ಶಿರಸಿಗೆ ಓಡಾಟ ಜಾಸ್ತಿ ಇತ್ತು. ಅವನೂ ಅವನ ಹೆಂಡತಿಯೂ ಬೇರೆ ಆಗ್ತಿದ್ದಾರೆ. ಊರಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ, ಮುಚ್ಚಿಡೋಕೆ ಏನೂ ಉಳಿದಿಲ್ಲ. ಇಬ್ಬರನ್ನೂ ಕೇಳಿ, ಇಬ್ಬರೂ "ಬರಿ, ಹೆಸರು ಮಾತ್ರ ಬೇಡ" ಅಂದ ಮೇಲೇ ಬರೀತಾ ಇದೀನಿ. ಯಾಕೆ ಬೇರೆ ಆದ್ರು ಅನ್ನೋದು ಅವರ ವಿಷಯ. ನನ್ನ ಟಿಪ್ಪಣಿ ತೋಟದ ಬೆಲೆ ಬಗ್ಗೆ. ಅದನ್ನ ಯಾವ ಥರದ ಕಾಗದದಲ್ಲಿ ಬರೆಸಬೇಕು ಅನ್ನೋದರ ಮೇಲೆ ಎಷ್ಟು ಲಕ್ಷ ಆಚೀಚೆ ಆಗ್ತದೆ ಅನ್ನೋದು ನಮ್ಮಂಥ ಅಡಿಕೆಯವರಿಗೆ ಗೊತ್ತಿರೋದು ಒಳ್ಳೇದು. ವಿಚ್ಛೇದನ ಅಂತಲ್ಲ, ಅಣ್ಣತಮ್ಮಂದಿರ ಹಿಸ್ಸೆಗೂ ಇದೇ ಲೆಕ್ಕ ಬರ್ತದೆ.

ಮೊದಲು ಆಸ್ತಿ ಯಾವುದು ಅಂತ ಹೇಳ್ತೀನಿ. ಅಪ್ಪನಿಂದ ಬಂದ ತೋಟ ಮನೆ ಬೇರೆ, ಅದು ಈ ಮಾತುಕತೆಗೆ ಬರಲಿಲ್ಲ. ಮದುವೆ ಆದ ಮೇಲೆ 2010ರಲ್ಲಿ ಇಬ್ಬರ ಹೆಸರಲ್ಲೂ ಕ್ರಯಕ್ಕೆ ತಗೊಂಡಿದ್ದ 2 ಎಕರೆ 10 ಗುಂಟೆ ಬಾಗಾಯ್ತು ಇದೆ. ಜಗಳ ಅದರದ್ದು. ನಮ್ಮ ದೇಶದಲ್ಲಿ ಡೈವೋರ್ಸ್ ಆದ ತಕ್ಷಣ ಗಂಡನ ಆಸ್ತೀಲಿ ಹೆಂಡತಿಗೆ ಅರ್ಧ ಅಂತ ಕಾನೂನಿಲ್ಲ, ಟೀವಿ ನೋಡಿ ಸುಮಾರು ಜನ ಹಾಗೆ ತಿಳ್ಕೊಂಡಿದಾರೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಲ್ಲಿ ಶಾಶ್ವತ ಜೀವನಾಂಶ ಗೊತ್ತು ಮಾಡುವಾಗ ಇಬ್ಬರ ಆದಾಯ, ಆಸ್ತಿ ನೋಡ್ತಾರೆ, ಅಷ್ಟೆ. ಆದ್ರೆ ಕ್ರಯಪತ್ರದಲ್ಲೇ ಇಬ್ಬರ ಹೆಸರಿದ್ರೆ ಮಾತು ಬೇರೆ. ಯಾರು ಎಷ್ಟು ದುಡ್ಡು ಹಾಕಿದ್ರು ಅನ್ನೋದಕ್ಕೆ ಆಧಾರ ಇಲ್ಲದಿದ್ರೆ ಸಮಪಾಲು ಅಂತ ಹಿಡೀತಾರೆ, ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮು. ಅವಳ ಬಳೆ ಮಾರಿದ ದುಡ್ಡು ಬಾವಿಗೆ ಹೋಗಿದ್ದು ನಮಗೆಲ್ಲ ಗೊತ್ತು. ರಸೀದಿ ಯಾರ ಹತ್ರ ಇದೆ? ಅರ್ಧ ಅರ್ಧ ಅನ್ನೋದಕ್ಕೆ ಇಬ್ಬರೂ ಒಪ್ಪಿದ್ರು. ತೋಟ ತಮ್ಮ ಇಟ್ಕೊಳ್ಳೋದು, ಅವಳ ಅರ್ಧಕ್ಕೆ ದುಡ್ಡು ಕೊಡೋದು, ಅವಳು ಹಕ್ಕು ಬಿಡುಗಡೆ ಪತ್ರ ಬರೆದುಕೊಡೋದು. ಇಷ್ಟರವರೆಗೆ ಒಂದು ಸಂಜೆಯಲ್ಲಿ ಮುಗೀತು. "ಯಾವುದರ ಅರ್ಧ" ಅನ್ನೋದಕ್ಕೆ ಐದು ತಿಂಗಳು ಹಿಡೀತು.

ಅವಳು ನನ್ನ ಹತ್ರ ಬಂದು ಹೇಳಿದ್ದು ಇಷ್ಟು: "ಭಾವ, ಹತ್ತು ವರ್ಷ ಕೋರ್ಟು ತಿರುಗೋದು ನನ್ನ ಕೈಲಾಗೋದಿಲ್ಲ. ತೋಟಕ್ಕೆ ಏನು ಬೆಲೆಯೋ ಅದನ್ನ ಸರಿಯಾಗಿ ಬರೆಸಿ ಕೊಡಿ. ನಾನು ಸಹಿ ಹಾಕಿ ಹೋಗ್ತೇನೆ."

ಇಲ್ಲೊಂದು ಮಾತು ಮುಂಚೆಯೇ ಹೇಳಿಬಿಡ್ತೀನಿ. ತಮ್ಮನ ಹತ್ರ ಅಷ್ಟು ದುಡ್ಡಿಲ್ಲ. ಸ್ವಲ್ಪ ಬ್ಯಾಂಕಿನಿಂದ, ಸ್ವಲ್ಪ ನನ್ನಿಂದ ಹೋಗಬೇಕು. ಅಂದ್ರೆ ತೋಟದ ಬೆಲೆ ಕಡಿಮೆ ಬಂದಷ್ಟೂ ನನಗೆ ಅನುಕೂಲ. ಇದನ್ನ ಅವಳ ಎದುರೇ ಹೇಳಿದ್ದೆ. "ಗೊತ್ತುಂಟು ಭಾವ, ಅದಕ್ಕೇ ನಿಮ್ಮ ಹತ್ರ ಕೇಳ್ತಿರೋದು" ಅಂದಳು. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಮೊದಲನೇ ಕಾಗದ ತಮ್ಮ ತಂದದ್ದು. ಪೇಟೆಯ ಒಬ್ಬ ಇಂಜಿನಿಯರ್ ಕೊಟ್ಟ ಒಂದೇ ಪುಟದ ಸರ್ಟಿಫಿಕೇಟು. ಸರ್ವೆ ನಂಬರು, ವಿಸ್ತೀರ್ಣ, ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದ ಲೆಕ್ಕ, ಅದರ ಮೇಲೆ ಪಂಪ್‌ಮನೆಗೂ ಅಂಗಳಕ್ಕೂ ಅಂತ ಸ್ವಲ್ಪ ಸೇರಿಸಿ 41 ಲಕ್ಷ. ಕೆಳಗೆ ಸೀಲು, ಸಹಿ. ತೋಟಕ್ಕೆ ಅವರು ಬಂದೇ ಇರಲಿಲ್ಲ. ಮಾರ್ಗಸೂಚಿ ದರ ಅನ್ನೋದು ನೋಂದಣಿಗೆ ಮುದ್ರಾಂಕ ಶುಲ್ಕ ವಸೂಲಿ ಮಾಡೋಕೆ ಸರ್ಕಾರ ಇಟ್ಟ ಕನಿಷ್ಠ ದರ. ಒಂದು ಊರಿನ ಬಾಗಾಯ್ತಿಗೆಲ್ಲ ಒಂದೇ ದರ. ಹಳ್ಳದ ಬದಿಯ ಹತ್ತು ವರ್ಷದ ತೋಟಕ್ಕೂ ಅದೇ, ನೀರಿಲ್ಲದೆ ಅರ್ಧ ಸತ್ತ ತೋಟಕ್ಕೂ ಅದೇ.

ಎರಡನೇದು ಮನೆಯಲ್ಲೇ ಇತ್ತು. ಎರಡು ವರ್ಷದ ಹಿಂದೆ ಸಾಲ ತೆಗೆಯುವಾಗ ಬ್ಯಾಂಕಿನ ಪ್ಯಾನೆಲ್ ವ್ಯಾಲ್ಯುಯರ್ ಮಾಡಿದ್ದ ರಿಪೋರ್ಟು. ಫೋಟೋ, ಚಕ್ಕುಬಂದಿ, ನಕ್ಷೆ ಎಲ್ಲ ಇರೋ ಹನ್ನೆರಡು ಪುಟ. ಮಾರುಕಟ್ಟೆ ಬೆಲೆ 60 ಲಕ್ಷ, ಒತ್ತಾಯದ ಮಾರಾಟದ ಬೆಲೆ 48 ಲಕ್ಷ ಅಂತ ಎರಡು ಅಂಕಿ. ತಮ್ಮನ ಕಡೆಯ ಒಬ್ಬ ಹಿರಿಯರು "ಬ್ಯಾಂಕಿನವರೇ 48 ಅಂದಿದಾರಲ್ಲ" ಅಂತ ಹಿಡ್ಕೊಂಡು ಕೂತ್ರು. ಬ್ಯಾಂಕಿಗೆ ಬೇಕಾದ್ದು ಬೇರೆ ಪ್ರಶ್ನೆಯ ಉತ್ತರ ಸ್ವಾಮಿ. ಸಾಲ ಕಟ್ಟದಿದ್ರೆ ಅವಸರದಲ್ಲಿ ಹರಾಜು ಹಾಕಿದ್ರೆ ಎಷ್ಟು ಕೈಗೆ ಬರ್ತದೆ ಅಂತ ಅವರು ನೋಡ್ತಾರೆ. ಇಲ್ಲಿ ಯಾರೂ ಹರಾಜು ಹಾಕ್ತಿಲ್ಲ. ತಮ್ಮ ಅದೇ ತೋಟ ಇಟ್ಕೊಂಡು ಇನ್ನು ಇಪ್ಪತ್ತು ವರ್ಷ ಕೊನೆ ಕೊಯ್ತಾನೆ. ಮೇಲಾಗಿ ಆ ರಿಪೋರ್ಟಿನ ಮೊದಲ ಪುಟದಲ್ಲೇ ಬ್ಯಾಂಕಿನ ಉಪಯೋಗಕ್ಕೆ ಮಾತ್ರ ಅಂತ ಬರೆದಿದೆ. ತಾರೀಕೂ ಹಳೇದು, ಎಲೆಚುಕ್ಕಿ ನಮ್ಮ ಕಡೆ ಜೋರಾಗೋಕೆ ಮೊದಲಿನದ್ದು.

ಮೂರನೇ ಲೆಕ್ಕ ಅವಳ ತವರಿನ ಕಡೆಯಿಂದ ಬಂತು. ರಿಪೋರ್ಟು ಅನ್ನೋಕಾಗೋದಿಲ್ಲ, ನೋಟ್‌ಬುಕ್ ಹಾಳೆ. 1,200 ಮರ, ಮರಕ್ಕೆ 6,000 ರೂಪಾಯಿ, 72 ಲಕ್ಷ. ಅದಕ್ಕೆ ಜಮೀನಿನ ಬೆಲೆ 41 ಲಕ್ಷ ಕೂಡಿಸಿ 1 ಕೋಟಿ 13 ಲಕ್ಷ. ರಸ್ತೆಗೆ ಜಾಗ ಹೋದವರು ಪರಿಹಾರ ತಗೊಂಡ ಕತೆ ಕೇಳಿ ಹಾಗೆ ಮಾಡಿದ್ದು. ನೋಡೋಕೆ ಸರಿ ಅನ್ನಿಸ್ತದೆ, ಮರವೂ ನಮ್ಮದು ಜಾಗವೂ ನಮ್ಮದು. ಆದ್ರೆ ಮರಕ್ಕೆ 6,000 ಬೆಲೆ ಬರೋದು ಅದು ಮಣ್ಣಲ್ಲಿ ನಿಂತು ಫಸಲು ಕೊಡ್ತದೆ ಅಂತ. ಬಾಗಾಯ್ತಿಗೆ ಆ ಬೆಲೆ ಬರೋದೂ ಅದರಲ್ಲಿ ಮರ ಇದೆ ಅಂತ. ಎರಡನ್ನೂ ಪೂರ್ತಿ ಹಿಡಿದು ಕೂಡಿಸಿದ್ರೆ ಒಂದೇ ಫಸಲನ್ನ ಎರಡು ಸಲ ಮಾರಿದ ಹಾಗೆ. ಭೂಸ್ವಾಧೀನದ ಕೇಸುಗಳಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ, ಫಸಲಿನ ಆದಾಯದ ಮೇಲೆ ಬೆಲೆ ಕಟ್ಟಿದ ಮೇಲೆ ಜಾಗಕ್ಕೆ ಬೇರೆ, ಮರಕ್ಕೆ ಬೇರೆ ಅಂತ ಕೊಡೋ ಹಾಗಿಲ್ಲ.

ಹೀಗೆ 41 ಲಕ್ಷದಿಂದ 1 ಕೋಟಿ 13 ಲಕ್ಷದವರೆಗೆ. ಒಂದೇ ತೋಟ ಮಾರಾಯ್ರೆ! ಇದರ ಮಧ್ಯೆ ಹಿರಿಯರೆಲ್ಲ ಕೂತು ಸರಾಸರಿ ತೆಗೆಯೋಣ ಅಂದ್ರು. ಸರಾಸರಿ ಅಂದ್ರೆ ನ್ಯಾಯ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಎರಡು ತಪ್ಪು ಅಂಕಿಯ ನಡುವಿನದ್ದು ಸರಿ ಅಂಕಿ ಆಗಬೇಕು ಅಂತ ಎಲ್ಲಿದೆ?

ವಕೀಲರು ಆಗ ಒಂದು ಪ್ರಶ್ನೆ ಕೇಳಿದ್ರು. "ಆ ಇಂಜಿನಿಯರ್ ಯಾವ ಕೆಟಗರಿ?" ನಮಗೆ ಅದು ಏನು ಅಂತಲೇ ಗೊತ್ತಿರಲಿಲ್ಲ. ನಿಮಗೂ ಉಪಯೋಗಕ್ಕೆ ಬರೋದು ಈ ಭಾಗ, ಸ್ವಲ್ಪ ನಿಧಾನಕ್ಕೆ ಓದಿ.

ನೋಂದಾಯಿತ ಮೌಲ್ಯಮಾಪಕರು ಅಂತ ಬೋರ್ಡ್ ಹಾಕ್ಕೊಂಡವರಲ್ಲಿ ಹೆಚ್ಚಿನವರು 1957ರ ಸಂಪತ್ತು ತೆರಿಗೆ ಕಾಯ್ದೆಯ ಕೆಳಗೆ ನೋಂದಣಿ ಆದವರು. ಆ ತೆರಿಗೆಯನ್ನ 2015ರ ಬಜೆಟ್ಟಿನಲ್ಲಿ ತೆಗೆದುಹಾಕಿದ್ರು, ಆದ್ರೆ ಆ ನೋಂದಣಿಯ ಹೆಸರಲ್ಲೇ ಕೆಲಸ ನಡೀತಾ ಬಂದಿದೆ. ಆ ನಿಯಮಗಳಲ್ಲಿ ಸ್ಥಿರಾಸ್ತಿಯ ವ್ಯಾಲ್ಯುಯರ್ ಬೇರೆ, ಕೃಷಿ ಭೂಮಿಯ ವ್ಯಾಲ್ಯುಯರ್ ಬೇರೆ. ಮನೆ, ಕಟ್ಟಡ, ಸೈಟು ನೋಡೋರು ಇಂಜಿನಿಯರು, ಆರ್ಕಿಟೆಕ್ಟುಗಳು. ಕೃಷಿ ಭೂಮಿಗೆ ಕೃಷಿ ವಿಜ್ಞಾನ ಓದಿದವರು. ಕಾಫಿ, ಟೀ, ರಬ್ಬರ್, ಏಲಕ್ಕಿ ಈ ನಾಲ್ಕು ಪ್ಲಾಂಟೇಶನ್ನಿಗೆ ಮತ್ತೊಂದು ಕೆಟಗರಿ, ಅದಕ್ಕೆ ಆ ಬೆಳೆಯ ಅನುಭವವೇ ಬೇಕು. ರಿಪೋರ್ಟಿನ ನಮೂನೆಯೂ ಹಾಗೇ ಬೇರೆ ಬೇರೆ: ಕಟ್ಟಡ, ಸೈಟಿಗೆ ಓ-1, ಕೃಷಿ ಭೂಮಿಗೆ ಓ-2, ಆ ನಾಲ್ಕು ಪ್ಲಾಂಟೇಶನ್ನಿಗೆ ಓ-3. ಅಡಿಕೆ ಆ ನಾಲ್ಕರಲ್ಲಿ ಇಲ್ಲ. ಹಾಗಾಗಿ ನಮ್ಮ ತೋಟ ಕೃಷಿ ಭೂಮಿಯ ಲೆಕ್ಕಕ್ಕೆ ಬರ್ತದೆ. ಆಮೇಲೆ ಮನೆಗೆ ಬಂದು ಆ ಒಂದು ಪುಟದ ಸರ್ಟಿಫಿಕೇಟಿನ ಸೀಲು ಓದಿದ್ರೆ, ಸಣ್ಣ ಅಕ್ಷರದಲ್ಲಿ "ಕೃಷಿ ಭೂಮಿ, ಪ್ಲಾಂಟೇಶನ್ ಹೊರತುಪಡಿಸಿ" ಅಂತ ಅವರೇ ಹಾಕ್ಕೊಂಡಿದ್ರು.

ಕೋರ್ಟಿಗೆ ಹೋದ್ರೆ ಇದರಿಂದ ಏನು ಆಗ್ತದೆ ಅಂತ ಕೇಳಿದೆ. ವಕೀಲರು ಹೇಳಿದ್ದು: ರಿಪೋರ್ಟನ್ನ ಬರೀ ಹಾಜರುಪಡಿಸಿದ್ರೆ ಮುಗೀಲಿಲ್ಲ. ಆಚೆ ಕಡೆಯವರು ಒಪ್ಪದಿದ್ರೆ ಬರೆದವರು ಬಂದು ಸಾಕ್ಷಿ ಹೇಳಬೇಕು, ಪಾಟೀಸವಾಲು ಎದುರಿಸಬೇಕು. "ತೋಟಕ್ಕೆ ಹೋಗಿದ್ರಾ? ಮರ ಎಣಿಸಿದ್ರಾ? ಈ ದರ ಎಲ್ಲಿಂದ ಬಂತು?" ಒಂದು ಪುಟದ ಕಾಗದ ಮೂರನೇ ಪ್ರಶ್ನೆಗೆ ಬಿದ್ದುಹೋಗ್ತದೆ. ಎರಡೂ ಕಡೆಯವರದ್ದೂ ಸರಿ ಇಲ್ಲ ಅಂತ ಕಂಡ್ರೆ ಕೋರ್ಟೇ ಕಮಿಷನರನ್ನ ಕಳಿಸಬಹುದು. ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 26, ರೂಲ್ 9ರಲ್ಲಿ ಮಾರುಕಟ್ಟೆ ಬೆಲೆ, ವರ್ಷದ ನಿವ್ವಳ ಆದಾಯ ತಿಳ್ಕೊಳ್ಳೋಕೆ ಅಂತಲೇ ಇದೆ. ಅದಕ್ಕೆ ಸಮಯ, ದುಡ್ಡು ಎರಡೂ ಹೋಗ್ತದೆ.

ಹಾಗಂತ ಎಲ್ಲದಕ್ಕೂ ದೊಡ್ಡ ರಿಪೋರ್ಟೇ ಬೇಕು ಅಂತಲ್ಲ. ಗಂಡಹೆಂಡತಿ ಇಬ್ಬರಿಗೂ ಬೆಲೆಯ ಅಂದಾಜು ಮೊದಲೇ ಗೊತ್ತಿದ್ದು, ವಕೀಲರ ಫೈಲಿಗೆ ಒಂದು ಅಂಕಿ ಬೇಕು ಅಂತಾದ್ರೆ ಒಂದು ಪುಟದ್ದೇ ಸಾಕು. ನಮ್ಮಲ್ಲಿ ಹಾಗಿರಲಿಲ್ಲ. ಒಬ್ಬರು ಇನ್ನೊಬ್ಬರ ಅಂಕಿ ನಂಬ್ತಿರಲಿಲ್ಲ. ನಂಬಿಕೆ ಇಲ್ಲದ ಕಡೆ ಕೊನೆಯ ಅಂಕಿ ಮಾತ್ರ ಬರೆದ ಕಾಗದ ಕೊಟ್ರೆ ಜಗಳ ಮತ್ತೆ ಶುರುವಾಗ್ತದೆ. ಅಂಕಿಗೆ ಬಂದ ದಾರಿ ಕಾಣಬೇಕು, ಬೇಕಾದವರು ಆ ದಾರೀಲಿ ಮತ್ತೊಂದು ಸಲ ನಡೆದು ನೋಡೋ ಹಾಗಿರಬೇಕು.

ಕೃಷಿ ಪದವಿಯ, ನಿವೃತ್ತರಾದ ಒಬ್ಬರು ಸಿಕ್ಕಿದ್ರು. ಅವರ ಮೊದಲನೇ ಷರತ್ತು, ಕೋರಿಕೆ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು, ಫೀಸು ಇಬ್ಬರೂ ಅರ್ಧರ್ಧ ಕೊಡಬೇಕು. ರಿಪೋರ್ಟಿನ ಮೇಲೆ "ಯಾರ ಕೋರಿಕೆ, ಯಾವ ಉದ್ದೇಶ, ಯಾವ ತಾರೀಕಿನ ಬೆಲೆ" ಅನ್ನೋ ಮೂರು ಸಾಲು ಮೊದಲೇ ಬರೆದುಬಿಟ್ರು. ತಾರೀಕಿನ ವಿಷಯಕ್ಕೆ ತಮ್ಮ ತಕರಾರು ತೆಗೆದ. ಅವಳು ಮನೆ ಬಿಟ್ಟ ದಿನದ ಬೆಲೆ ಹಿಡೀಬೇಕು ಅಂತ, ಆಮೇಲೆ ತೋಟ ನೋಡ್ಕೊಂಡಿದ್ದು ತಾನೊಬ್ಬನೇ ಅಂತ. ಅವನ ಮಾತಲ್ಲಿ ಸ್ವಲ್ಪ ಸತ್ಯ ಇದೆ. ಕೊನೆಗೆ ತಪಾಸಣೆಯ ದಿನದ್ದೇ ಹಿಡಿದು, ಅವಳು ಹೋದ ಮೇಲೆ ಅವನು ನೆಟ್ಟ ಸಸಿಗಳನ್ನ ಬೇರೆ ಸಾಲಿನಲ್ಲಿ ತೋರಿಸಿ ಅಂತ ಒಪ್ಪಿಸಿದ್ದಾಯ್ತು.

ಎಣಿಸೋಕೆ ಒಂದು ದಿನ ಪೂರ್ತಿ ಹಿಡೀತು. ಆಷಾಢದ ಮಳೆ, ಉಂಬಳ ಬೇರೆ. ಅವರು ಮುಂದೆ, ಕೈಯಲ್ಲಿ ಸುಣ್ಣದ ಡಬ್ಬಿ ಹಿಡ್ಕೊಂಡು ನಮ್ಮ ಕೊನೆಗೌಡ ಹಿಂದೆ, ಎಣಿಸಿದ ಮರಕ್ಕೆಲ್ಲ ಒಂದು ಬೊಟ್ಟು. ತಮ್ಮ ಒಂದು ಬರಣದಲ್ಲಿ, ಅವಳೂ ಅವಳ ಅಣ್ಣನೂ ಇನ್ನೊಂದು ಬರಣದಲ್ಲಿ. ಇಬ್ಬರೂ ಮನಸ್ಸಲ್ಲೇ ಎಣಿಸ್ತಿದ್ರು ಅಂತ ಕಾಣ್ತದೆ, ಒಂದು ಕಡೆ ಅವರು ಎರಡು ಮರ ಬಿಟ್ಟಾಗ ಇಬ್ಬರೂ ಒಟ್ಟಿಗೇ ಕೂಗಿದ್ರು. ಒಟ್ಟು 1,164. ಅದರಲ್ಲಿ ಒಳ್ಳೇ ಫಸಲಿನವು 790, ವಯಸ್ಸಾಗಿ ಇಳೀತಾ ಇರೋವು 170, ಇನ್ನೂ ಕೊನೆ ಬಿಡದ ಸಸಿ 204. ಮೇಲಿನ ಬದಿಗೆ ಎಲೆಚುಕ್ಕಿ ಇರೋ ಮರಗಳನ್ನ ಬೇರೆ ಗುರುತು ಹಾಕ್ಕೊಂಡ್ರು. ಮೆಣಸಿನ ಬಳ್ಳಿ ಎಷ್ಟು ಮರಕ್ಕೆ ಹಬ್ಬಿದೆ, ಸೊರಗು ರೋಗಕ್ಕೆ ಎಷ್ಟು ಹೋಗಿದೆ, ಬೇಸಿಗೆಯಲ್ಲಿ ಬಾವಿ ಎಷ್ಟು ತಾಸು ನೀರು ಕೊಡ್ತದೆ, ಲಾರಿ ಎಲ್ಲಿವರೆಗೆ ಬರ್ತದೆ, ಎಲ್ಲ ಕೇಳಿ ಬರ್ಕೊಂಡ್ರು.

ಸೊಪ್ಪಿನ ಬೆಟ್ಟದ ಹತ್ರ ನಿಂತು ಹೇಳಿದ ಒಂದು ಮಾತು ನಮ್ಮ ಜಿಲ್ಲೆಯವರೆಲ್ಲ ಗಮನಿಸಬೇಕು. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ನಮಗೆ ಸವಲತ್ತು ಬಂದಿರೋದು ಸೊಪ್ಪು, ದರಕು ತರೋಕೆ. ಜಾಗ ನಮ್ಮದಲ್ಲ. ಅದನ್ನ ಸ್ವಂತ ಜಮೀನು ಅಂತ ಎಕರೆ ಲೆಕ್ಕದಲ್ಲಿ ಬೆಲೆ ಕಟ್ಟಿದ್ರೆ ರಿಪೋರ್ಟೇ ಕೆಡ್ತದೆ. ಆದ್ರೆ ಬೆಟ್ಟ ಇರೋ ತೋಟಕ್ಕೂ ಇಲ್ಲದ ತೋಟಕ್ಕೂ ಕೊಳ್ಳೋರು ಒಂದೇ ಬೆಲೆ ಕೊಡೋದಿಲ್ಲ. ಅವರು ಅದನ್ನ ತೋಟದ ಗುಣ ಅಂತ ಬರೆದ್ರು, ಆಸ್ತಿ ಅಂತ ಬರೀಲಿಲ್ಲ.

ಆಮೇಲೆ ಲೆಕ್ಕ. ಸೊಸೈಟಿಯ ಮೂರು ವರ್ಷದ ಪಟ್ಟಿ ಇಡಿ ಅಂದ್ರು. ತಮ್ಮ ಒಂದು ವರ್ಷದ್ದು ಮಾತ್ರ ಕೊಟ್ಟ, ಕೊಳೆ ಬಂದು ಫಸಲು ಹೋದ ವರ್ಷದ್ದು. ಬಾಕಿ ಎರಡು ವರ್ಷದ್ದು ಅವಳ ಹತ್ರ ಇತ್ತು, ಮನೆ ಬಿಡುವಾಗ ಫೋನಲ್ಲಿ ಫೋಟೋ ತೆಗೆದು ಇಟ್ಕೊಂಡಿದ್ಳು. ಮೂರು ವರ್ಷ ಅನ್ನೋದು ಅವರು ಸುಮ್ಮನೆ ಹೇಳಿದ್ದಲ್ಲ. ಜೀವನಾಂಶದ ಕೇಸುಗಳಿಗೆ ಸುಪ್ರೀಂ ಕೋರ್ಟ್ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಆಸ್ತಿ, ಸಾಲದ ಅಫಿಡವಿಟ್ಟಿನ ನಮೂನೆ ಕೊಟ್ಟಿದೆ. ಅದರಲ್ಲಿ ರೈತರಿಗೆ ಅಂತ ಬೇರೆಯೇ ಪಟ್ಟಿ ಇದೆ: ಜಮೀನು ಎಷ್ಟು, ತರಿಯೋ ಖುಷ್ಕಿಯೋ, ಬೆಳೆ ಏನು, ದನಕರು ಎಷ್ಟು, ಸಾಲ ಎಷ್ಟು, ಹಿಂದಿನ ಮೂರು ವರ್ಷದ ಆದಾಯ ಎಷ್ಟು. ನಾಳೆ ಮಾತುಕತೆ ಮುರಿದು ಕೇಸು ನಡೆದ್ರೂ ಇದೇ ಕಾಗದ ಅಲ್ಲಿಗೂ ಹೊಂದ್ತದೆ ಅಂದ್ರು.

ಸರಾಸರಿ 14 ಕ್ವಿಂಟಾಲ್ ಚಾಲಿ, ಕ್ವಿಂಟಾಲಿಗೆ 38,000ದ ಹಾಗೆ 5,32,000. ಮೆಣಸು 2 ಕ್ವಿಂಟಾಲ್, 1,16,000. ಬಾಳೆ ಇತ್ಯಾದಿ 22,000. ಒಟ್ಟು 6,70,000. ಖರ್ಚು 2,62,000, ಇದರಲ್ಲಿ ಮನೆಯವರು ಮಾಡಿದ ಕೆಲಸಕ್ಕೂ ಕೂಲಿ ಹಾಕಿದ್ರು. ನಾವು ಯಾರೂ ಅದನ್ನ ಹಾಕೋದಿಲ್ಲ, ಅದಕ್ಕೇ ನಮ್ಮ ತೋಟ ನಮಗೆ ಲಾಭದಲ್ಲಿದೆ ಅಂತ ಕಾಣೋದು! ಉಳಿದದ್ದು 4,08,000. ವರ್ಷಕ್ಕೆ ಇಷ್ಟು ಕೊಡೋ ಆಸ್ತಿಗೆ ಕೊಳ್ಳುವವನು ಎಷ್ಟು ದುಡ್ಡು ಹಾಕ್ತಾನೆ ಅನ್ನೋದು ಮುಂದಿನ ಪ್ರಶ್ನೆ. ನೂರು ರೂಪಾಯಿ ಹಾಕಿದ್ರೆ ಆರು ರೂಪಾಯಿ ಹುಟ್ಟಬೇಕು ಅಂತ ಹಿಡಿದ್ರೆ 68 ಲಕ್ಷ. ಐದೇ ಸಾಕು ಅಂದ್ರೆ 81 ಲಕ್ಷ 60 ಸಾವಿರ. ಎಂಟು ಬೇಕು ಅಂದ್ರೆ 51 ಲಕ್ಷ. ನೋಡಿ, ಒಂದು ಅಂಕಿ ಬದಲಾದ್ರೆ ಮೂವತ್ತು ಲಕ್ಷ ಓಡಾಡ್ತದೆ. ಹಾಗಾಗಿ ಆರು ಯಾಕೆ ಅಂತ ಒಂದೂವರೆ ಪುಟ ಕಾರಣ ಬರೆದಿದ್ರು. ಬಾವಿ ನೀರು ಗಟ್ಟಿ, ರಸ್ತೆ ಇದೆ, ಎಲೆಚುಕ್ಕಿಯ ಅಪಾಯ ಇದೆ, ಮುದಿ ಮರದ ನಷ್ಟವನ್ನ ಸಸಿಗಳು ಹೆಚ್ಚುಕಡಿಮೆ ತುಂಬ್ತವೆ. ಅಷ್ಟಕ್ಕೇ ಬಿಡದೆ ಪಕ್ಕದ ಊರುಗಳಲ್ಲಿ ಈಚೆಗೆ ಮಾರಿದ ಎರಡು ತೋಟದ ಬೆಲೆ ತಾಳೆ ನೋಡಿದ್ರು. ಕ್ರಯಪತ್ರದಲ್ಲಿ ಬರೆದದ್ದು ಪೂರ್ತಿ ಬೆಲೆ ಅಲ್ಲ ಅನ್ನೋದು ನಿಮಗೂ ಗೊತ್ತು, ಅವರಿಗೂ ಗೊತ್ತು. ಕೊಂಡವರನ್ನೇ ಹೋಗಿ ಕೇಳಿ ಎಕರೆಗೆ 28ರಿಂದ 33 ಲಕ್ಷ ಅಂತ ತಿಳ್ಕೊಂಡು ಬಂದ್ರು. ನಮ್ಮ ವಿಸ್ತೀರ್ಣಕ್ಕೆ 63ರಿಂದ 74 ಆಗ್ತದೆ. 68 ಅದರ ಒಳಗೇ ಕೂತಿತು.

ರಿಪೋರ್ಟು 31 ಪುಟ. ಸಾಲ ಬಾಕಿ 7 ಲಕ್ಷ ಕಳೆದು ಅರ್ಧ ಮಾಡಿದ್ರೆ ಅವಳಿಗೆ 30 ಲಕ್ಷ 50 ಸಾವಿರ. ಆ ಒಂದು ಪುಟದ ಕಾಗದ ಹಿಡಿದಿದ್ರೆ 17 ಲಕ್ಷ. ಸಸಿಗಳ ಸಾಲಿಗೆ ಅಂತ ಅವಳೇ 50 ಸಾವಿರ ಬಿಟ್ಟಳು, 30ಕ್ಕೆ ನಿಂತಿತು.

ತಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. "ಅಣ್ಣ ಆಗಿ ನೀನು ಯಾರ ಕಡೆ?" ಅಂತ ಅವನ ಪ್ರಶ್ನೆ. ನಾನು ಏನೂ ಹೇಳೋಕೆ ಹೋಗಲಿಲ್ಲ, ರಿಪೋರ್ಟು ಅವನ ಕೈಲಿ ಕೊಟ್ಟು ಯಾವ ಪುಟ ತಪ್ಪು ತೋರಿಸು ಅಂದೆ. ಮೂರನೇ ದಿನ ಬಂದು ಖರ್ಚಿನ ಪಟ್ಟೀಲಿ ದೋಟಿ ಬಾಡಿಗೆ ಬಿಟ್ಟುಹೋಗಿದೆ ಅಂದ. ಹೌದು, ಬಿಟ್ಟುಹೋಗಿತ್ತು. ಅವರಿಗೆ ಫೋನ್ ಮಾಡಿ ಹೇಳಿದ್ದಕ್ಕೆ, ಒಂದು ಪುಟ ತಿದ್ದುಪಡಿ ಕಳಿಸಿದ್ರು. ಬೆಲೆಯಲ್ಲಿ ಹೇಳಿಕೊಳ್ಳೋ ಅಷ್ಟು ವ್ಯತ್ಯಾಸ ಏನೂ ಬರಲಿಲ್ಲ, ಆದ್ರೆ ಆಮೇಲೆ ತಮ್ಮ ಆ ರಿಪೋರ್ಟನ್ನ "ನಮ್ಮ ರಿಪೋರ್ಟು" ಅನ್ನೋಕೆ ಶುರು ಮಾಡಿದ.

ಈಗ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿ ಆಗಿದೆ. ಆರು ತಿಂಗಳ ಕಾಯುವ ಅವಧಿ ಇದೆ. ಅದನ್ನ ಮಾಫಿ ಮಾಡೋ ಅಧಿಕಾರ ಕೋರ್ಟಿಗಿದೆ ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಇವರು ಕೇಳಲಿಲ್ಲ, ದುಡ್ಡು ಹೊಂದಿಸೋಕೂ ಸಮಯ ಬೇಕಲ್ಲ. ಮೂರು ಕಂತು. 12 ಲಕ್ಷ ಕೊಟ್ಟಾಗಿದೆ, ಅದರಲ್ಲಿ 8 ನನ್ನದು. ಬಾಕಿಯದ್ದು ಚಾಲಿ ಮಾರಿದ ಮೇಲೆ. ಬಿಡುಗಡೆ ಪತ್ರ ಕೊನೇ ಕಂತಿನ ದಿನ ನೋಂದಣಿ ಅಂತ ಅರ್ಜಿಯಲ್ಲೇ ಬರೆಸಿದೆ.

ರಿಪೋರ್ಟಿನ ಒಂದು ಪ್ರತಿ ನನ್ನ ಹತ್ರ ಇದೆ. ಅಂಕಿ ಮುಚ್ಚಿ ನಮೂನೆ ನೋಡೋಕೆ ಕೊಡಬಹುದು ಅಂತ ಇಬ್ಬರೂ ಹೇಳಿದಾರೆ. ಹಿಸ್ಸೆಯ ಯೋಚನೆ ಇರೋರು ಯಾರಾದ್ರೂ ಬರೋದಾದ್ರೆ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಬೆಳಿಗ್ಗೆ ಎರಡನೇ ಮದ್ದು ಹೊಡೆಯೋರು ಇರ್ತಾರೆ. ಸೊಸೈಟಿ ಪಟ್ಟಿ ಸಿಕ್ಕಷ್ಟು ವರ್ಷದ್ದು ಹಿಡ್ಕೊಂಡು ಬನ್ನಿ, ಪಹಣಿಯೂ ಇರಲಿ.